ಕಕ್ಕಬೆಯ ಇಳಿಜಾರಿಗೆ ನಾನು ಬರೆದ ಬೆಲೆ

ಮೂವತ್ತೊಂದು ವರ್ಷ ನಾನು ಮಾಡಿದ ಕೆಲಸ ಇಷ್ಟೇ: ಕೊಡಗಿನಲ್ಲಿ ಯಾರಾದರೂ ಮನೆ ಕೊಳ್ಳುವಾಗ, ಕಟ್ಟುವಾಗ, ಪಾಲಾಗುವಾಗ ಅಲ್ಲಿಗೆ ಹೋಗಿ, ಸುತ್ತಾಡಿ, ಆ ಮನೆಗೂ ಜಾಗಕ್ಕೂ ಎಷ್ಟು ಬೆಲೆ ಬಾಳುತ್ತದೆ ಎಂದು ಬರೆದುಕೊಡುವುದು. ಬ್ಯಾಂಕಿನವರು ಅದನ್ನು ವ್ಯಾಲ್ಯುಯೇಷನ್ ಅನ್ನುತ್ತಾರೆ. ಶನಿವಾರಸಂತೆ ಕಡೆಯವರಿಗೆ ನಾನು ‘ರೇಟು ಬರೆಯೋ ಮೇಡಮ್ಮ’.

ಹೋದ ತಿಂಗಳು ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಕುಶಾಲನಗರದ ನಮ್ಮ ಮನೆಗೆ ಬಂದಿದ್ದರು. ಅವರಲ್ಲೊಬ್ಬಳು ಮೊಬೈಲ್ ತೆಗೆದು ತೋರಿಸಿದಳು. “ನೋಡಿ ಮೇಡಂ, ಮೇಲಿಂದ ತೆಗೆದ ಚಿತ್ರ ಇದೆ, ಅಕ್ಕಪಕ್ಕದ ರಿಜಿಸ್ಟ್ರೇಷನ್ ರೇಟಿದೆ. ಜಾಗಕ್ಕೆ ಹೋಗಲೇಬೇಕು ಅಂತೇನಿಲ್ಲ ಈಗ.” ನಾನು ವಾದ ಮಾಡಲಿಲ್ಲ. ಆ ಸಲಕರಣೆ ನನ್ನ ಕಾಲದಲ್ಲಿ ಇದ್ದಿದ್ದರೆ ಎಷ್ಟೋ ದಿನದ ಅಲೆದಾಟ ತಪ್ಪುತ್ತಿತ್ತು. ಆದರೆ ಅವರು ಹೋದ ಮೇಲೆ, ಜಾಗಕ್ಕೆ ಹೋಗಿದ್ದರಿಂದ ನಾನು ಏನೇನು ನೋಡಿದೆ ಎಂಬುದನ್ನು ಅವರಿಗಾಗಿ ಬರೆದಿಡಬೇಕು ಅನ್ನಿಸಿತು.

ನಾನು ಬಯಲಿನವಳು. ನಮ್ಮಪ್ಪ ಅರಕಲಗೂಡು ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜೋಳ, ಶುಂಠಿ ಬೆಳೆಯುತ್ತಿದ್ದರು. ಸಿವಿಲ್ ಡಿಪ್ಲೊಮಾ ಮುಗಿಸಿ ಮಡಿಕೇರಿಯ ಪೂವಯ್ಯ ಸರ್ ಹತ್ತಿರ ಸಹಾಯಕಿಯಾಗಿ ಸೇರಿದಾಗ ನನಗೆ ಜಾಗ ಎಂದರೆ ಚಪ್ಪಟೆಯಾಗಿ ಇರುವಂಥದ್ದು, ಅಷ್ಟೇ. ಪೂವಯ್ಯ ಸರ್ ಸರ್ಕಾರಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಕಡ್ಡಿ ಮುರಿದ ಹಾಗೆ ಮಾತು. ಮೊದಲ ದಿನ ಸೋಮವಾರಪೇಟೆಯ ಹತ್ತಿರ ಒಂದು ಮನೆ ನೋಡಲು ಕರೆದುಕೊಂಡು ಹೋದರು. ಮನೆಯವರು ಕಾಫಿ ತಂದರು, ನಾನು ಪುಸ್ತಕ ಬಿಚ್ಚಿದೆ. ಸರ್ ಮಾತ್ರ ಚಪ್ಪಲಿ ಬಿಟ್ಟು ಹಿತ್ತಲಿಗೆ ಹೋಗಿ ಸುಮ್ಮನೆ ನಿಂತರು. ಐದು ನಿಮಿಷ ಆಯಿತು, ಹತ್ತಾಯಿತು. ನಾನು ಹತ್ತಿರ ಹೋಗಿ, “ಸರ್, ಅಳತೆ ಶುರು ಮಾಡ್ಲಾ?” ಎಂದೆ.

“ನೀರು ಎಲ್ಲಿಂದ ಬರ್ತದೆ ಇಲ್ಲಿಗೆ?” ಎಂದರು.

“ನಲ್ಲಿ ಇದೆ ಸರ್.”

ಅವರು ನನ್ನನ್ನೇ ನೋಡಿದರು. “ನಲ್ಲಿ ಅಲ್ಲಮ್ಮ. ಮಳೆ ಬಂದಾಗ ನೀರು ಎಲ್ಲಿಂದ ಬರ್ತದೆ, ಎಲ್ಲಿಗೆ ಹೋಗ್ತದೆ ಅಂತ ಕೇಳಿದ್ದು. ಅದು ಗೊತ್ತಾಗದೆ ಎಂತ ಅಳೀತೀಯ ನೀನು?”

ಆ ಹೊತ್ತಿಗೆ ಅದು ಮುದುಕರ ಚಾಳಿ ಅನ್ನಿಸಿತ್ತು. ಎರಡು ವರ್ಷ ಅವರ ಹಿಂದೆ ಓಡಾಡಿದ ಮೇಲೂ ಅವರು ನಿಂತಲ್ಲಿ ನಾನೂ ನಿಲ್ಲುತ್ತಿದ್ದೆ, ಏನೂ ಕಾಣುತ್ತಿರಲಿಲ್ಲ.

ನನ್ನ ಮೊದಲ ದೊಡ್ಡ ತಪ್ಪಿನ ವಿಚಾರ ಹೇಳಬೇಕು. ಒಂದು ಕೊಡವ ಕುಟುಂಬದ ಐನ್‌ಮನೆ, ಅಂದರೆ ಇಡೀ ವಂಶಕ್ಕೆ ಸೇರಿದ ಮೂಲಮನೆ. ಪಟ್ಟಣದಲ್ಲಿದ್ದ ಆ ಕುಟುಂಬದ ಒಬ್ಬರಿಗೆ ಯಾವುದೋ ಕಾಗದಪತ್ರಕ್ಕಾಗಿ ಅದರ ಬೆಲೆ ಬೇಕಾಗಿತ್ತು. ಸರ್‌ಗೆ ಜ್ವರ, ನಾನೊಬ್ಬಳೇ ಹೋದೆ. ಕೆತ್ತನೆಯ ಕಂಬ, ನಡುವೆ ಅಂಗಳ, ಎರಡು ಕೈಯಲ್ಲಿ ತಳ್ಳಬೇಕಾದ ಬಾಗಿಲು. ನಾನು ಕಲಿತಿದ್ದ ಸೂತ್ರದ ಪ್ರಕಾರ ಕಟ್ಟಡಕ್ಕೆ ವಯಸ್ಸಾದಷ್ಟೂ ಬೆಲೆ ಕಳೆಯಬೇಕು. ಕಳೆದೆ. ಮಣ್ಣಿನ ಗೋಡೆ ಎಂದು ಇನ್ನಷ್ಟು ಕಳೆದೆ. ಕೊನೆಗೆ ಉಳಿದದ್ದು ಆ ಮನೆಯ ಹೆಂಚಿಗೂ ಸಾಲುತ್ತಿರಲಿಲ್ಲ.

ಕುಟುಂಬದ ಹಿರಿಯರು ಚಂಗಪ್ಪ ಎಂದು. ನನ್ನ ಕರಡು ಹಾಳೆಯನ್ನು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. “ಸರಿ, ಇದರಲ್ಲಿ ನನ್ನ ಪಾಲು ಎಷ್ಟು ಬಂತು?” ಎಂದು ಕೇಳಿದರು.

“ಒಟ್ಟು ಎಷ್ಟು ಜನ ಪಾಲುದಾರರು ಅಂತ ಹೇಳಿದ್ರೆ ಭಾಗ ಮಾಡಿ ಹೇಳ್ತೀನಿ ಅಜ್ಜಯ್ಯ.”

“ಬಾ ಮಗಳೇ, ಎಣಿಸುವಾ” ಎಂದು ಎದ್ದು ಹೊರಗೆ ಕರೆದುಕೊಂಡು ಹೋದರು. ಗದ್ದೆಯ ದಾರಿಯಲ್ಲಿ ಹಿರಿಯರಿಗಾಗಿ ಕಟ್ಟಿದ ಚಿಕ್ಕ ಗುಡಿ, ಕೈಮಡ. ಅದರ ಮುಂದೆ ನಿಂತು, “ಇವರೆಲ್ಲ ಪಾಲುದಾರರೇ, ಬರೆದುಕೋ” ಎಂದರು. ವಾಪಸ್ ಬರುವಾಗ ಜಗಲಿಯಲ್ಲಿ ಅವರ ಮೊಮ್ಮಗಳು ಕೂಸನ್ನು ಆಡಿಸುತ್ತಿದ್ದಳು. “ಇವನನ್ನೂ ಬರೆದುಕೋ. ಇನ್ನು ಮುಂದೆ ಹುಟ್ಟುವವರು ಎಷ್ಟು ಅಂತ ನನಗೂ ಗೊತ್ತಿಲ್ಲ. ಅವರ ಪಾಲನ್ನು ನಾನು ಹೇಗೆ ಮಾರುವುದು?”

ನನ್ನನ್ನು ಗೇಲಿ ಮಾಡುತ್ತಿದ್ದಾರೆ ಅಂದುಕೊಂಡೆ. ಮುಖ ನೋಡಿದರೆ ಅದರಲ್ಲಿ ನಗೆ ಇರಲಿಲ್ಲ. ಒಬ್ಬ ಮನುಷ್ಯ ಹೋದವರನ್ನೂ ಬರದವರನ್ನೂ ಎದುರಿಗೆ ನಿಲ್ಲಿಸಿಕೊಂಡು ಇಷ್ಟು ಸಲೀಸಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಪೂವಯ್ಯ ಸರ್ ನನ್ನ ವರದಿಯನ್ನು ಹರಿದು ಹಾಕಿದರು. “ಮಾರೋಕೆ ಬರದೇ ಇರೋದಕ್ಕೆ ಮಾರುಕಟ್ಟೆ ಬೆಲೆ ಬರೆದಿದ್ದೀಯಲ್ಲ! ಕೊಳ್ಳುವವನು ಯಾರು?” ಎಂದು ಹೊಸ ಹಾಳೆಯ ಮೇಲೆ ಒಂದೇ ಸಾಲು ಬರೆದರು: ‘ಮಾರುಕಟ್ಟೆ ಬೆಲೆ ಅನ್ವಯಿಸುವುದಿಲ್ಲ.’ ನಮ್ಮ ಕೆಲಸದಲ್ಲಿ ಹಾಗೂ ಬರೆಯಬಹುದು ಎಂದು ನನಗೆ ಗೊತ್ತಾದದ್ದು ಅಂದು.

ಸರ್ ತೀರಿಕೊಂಡ ಮೇಲೆ ಕಚೇರಿ ನನ್ನ ಮೇಲೆ ಬಿತ್ತು. ಊರಿನ ಆರ್ಥಿಕ ಪರಿಸ್ಥಿತಿ ತಿಳಿಯಲು ನಾನು ಪೇಪರ್ ಓದುವುದಕ್ಕಿಂತ ಹೆಚ್ಚಾಗಿ ತಾರಸಿಗಳನ್ನು ನೋಡುತ್ತಿದ್ದೆ. ಕಾಫಿಗೆ ಒಳ್ಳೆ ಬೆಲೆ ಬಂದ ವರ್ಷ ಸೋಮವಾರಪೇಟೆಯಲ್ಲಿ ಮನೆಗಳ ಮೇಲೆ ಕಂಬ ಏಳುತ್ತಿತ್ತು. ಬೆಲೆ ಬಿದ್ದರೆ ಅದೇ ಕಂಬದ ಕಬ್ಬಿಣದ ಸರಳುಗಳು ಮಳೆಯಲ್ಲಿ ತುಕ್ಕು ಹಿಡಿಯುತ್ತ ನಿಂತಿರುತ್ತಿದ್ದವು. ತುಕ್ಕಿನ ಬಣ್ಣ ನೋಡಿ ಎಷ್ಟು ವರ್ಷದಿಂದ ಕೆಲಸ ನಿಂತಿದೆ ಎಂದು ಹೇಳಬಲ್ಲವಳಾಗಿದ್ದೆ.

ಆಮೇಲೆ ಹೋಂಸ್ಟೇಗಳು ಬಂದವು. ನಾನು ಕೆಲಸಕ್ಕೆ ಸೇರಿದಾಗ ಕಣಿವೆಯ ಗದ್ದೆಗೆ ಹೆಚ್ಚು ಬೆಲೆ, ಗುಡ್ಡದ ನೆತ್ತಿಯ ಜಾಗವನ್ನು ಕೇಳುವವರಿರಲಿಲ್ಲ. ನೀರಿಲ್ಲ, ದಾರಿಯಿಲ್ಲ, ಗಾಳಿ ಬೇರೆ. ಕಣ್ಣೆದುರೇ ಅದು ತಲೆಕೆಳಗಾಯಿತು. ಬಂದವರು ಕೇಳುವ ಮೊದಲ ಪ್ರಶ್ನೆ, “ವ್ಯೂ ಹೇಗಿದೆ?” ಕಕ್ಕಬೆ ಕಡೆ ತಡಿಯಂಡಮೋಳ್ ಬೆಟ್ಟ ಕಾಣುವ ಕಿಟಕಿಗೆ ಒಂದು ರೇಟು, ಕಾಣದ ಕಿಟಕಿಗೆ ಇನ್ನೊಂದು. ನಮ್ಮ ವರದಿಯ ನಮೂನೆಯಲ್ಲಿ ಕೊನೆಗೊಂದು ಕಾಲಂ ಇರುತ್ತಿತ್ತು, ಮುಂದಿನ ವರ್ಷಗಳಲ್ಲಿ ಈ ಪ್ರದೇಶದ ಬೆಲೆ ಹೇಗಿರಬಹುದು ಎಂದು. ನಾನು ಎಲ್ಲದಕ್ಕೂ ‘ಏರಿಕೆ ನಿರೀಕ್ಷಿತ’ ಎಂದು ಬರೆಯುತ್ತಿದ್ದೆ. ಅದು ಸುಳ್ಳೂ ಆಗುತ್ತಿರಲಿಲ್ಲ.

ಬೋಪಣ್ಣನವರ ಮನೆಗೂ ಹಾಗೇ ಬರೆದೆ. ಅವರು ಕಕ್ಕಬೆಯಿಂದ ಮೇಲಕ್ಕೆ ಸಾಧಾರಣ ಗಾತ್ರದ ಒಂದು ಕಾಫಿ ತೋಟದ ಮಾಲೀಕರು. ಹಿಂದೆ ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರಾಗಿದ್ದವರು, ಗಟ್ಟಿ ಗಂಟಲು, ಒಳ್ಳೆ ಮನಸ್ಸು. ಇಳಿಜಾರನ್ನು ಕಡಿದು ಸಮ ಮಾಡಿ ಮನೆಗೆ ಹೊಂದಿಕೊಂಡು ಎರಡು ಅತಿಥಿ ಕೋಣೆ ಕಟ್ಟಿದ್ದರು. ಮನೆಯ ಕೆಳಗೆ ಒಂದು ಒರತೆ, ಅದರ ಕೆಳಗೆ ತೋಟದ ಕೆಲಸಗಾರರ ಐದು ಮನೆಗಳ ಲೈನು. ನಾನು ಆ ದಿನ ಬೆಟ್ಟವನ್ನು ನೋಡಿದೆ, ಕೋಣೆಗಳನ್ನು ನೋಡಿದೆ. ಒರತೆಯ ತನಕ ಇಳಿಯಲಿಲ್ಲ. ಜಿಗಣೆ ಜಾಸ್ತಿ ಎಂದು ಯಾರೋ ಹೇಳಿದ್ದರು. ನನ್ನ ಕೆಲಸದ ಅತಿ ದೊಡ್ಡ ತಪ್ಪು ಅದು.

ಮೂರು ವರ್ಷದ ನಂತರ, ಮತ್ತೆ ನಾಲ್ಕು ಕೋಣೆ ಮತ್ತು ಈಜುಕೊಳಕ್ಕಾಗಿ ಅವರು ಸಾಲ ಕೇಳಿದಾಗ ಬ್ಯಾಂಕಿನವರು ನನ್ನನ್ನೇ ಅಲ್ಲಿಗೆ ಕಳಿಸಿದರು. ಆಗಸ್ಟ್ ತಿಂಗಳು. ಹತ್ತು ದಿನ ಬಿಡದೆ ಸುರಿದ ಮಳೆ ಆ ಬೆಳಿಗ್ಗೆ ಸ್ವಲ್ಪ ಹೊಳವಾಗಿತ್ತು. ಹಿಂದಿನ ಇಳಿಜಾರನ್ನು ಜೆಸಿಬಿಯಿಂದ ಇನ್ನೂ ಒಳಕ್ಕೆ ಕಡಿದಿದ್ದರು. ಬೋಪಣ್ಣನವರ ಹೆಂಡತಿ ಸೀತಮ್ಮ ಒಳಕೋಣೆ ತೋರಿಸಿ ಬಾಗಿಲು ಹಾಕಲು ಹೋದರು. ಚಿಲಕ ಕೂಡಿಕೊಳ್ಳಲಿಲ್ಲ. “ಮಳೆಗಾಲ ಅಲ್ವಾ, ಮರ ಉಬ್ಬಿದೆ” ಎಂದರು. ನಾನು ಬಾಗಿಲು ಮುಟ್ಟಿ ನೋಡಿದೆ. ಅದು ಮರದ್ದಲ್ಲ, ಕಬ್ಬಿಣದ ಬಾಗಿಲು.

ಯಾಕೋ ಒಳಗೆ ನಿಲ್ಲಲಾಗಲಿಲ್ಲ. ಹೊರಗೆ ಬಂದು ನೋಡಿದರೆ ಮೇಲಿನ ಸಿಲ್ವರ್ ಓಕ್ ಮರಗಳು ಒಂದೇ ಕಡೆಗೆ ವಾಲಿದ್ದವು. ಜಿಗಣೆ ಇದ್ದರೆ ಇರಲಿ ಎಂದು ಸೀರೆ ಎತ್ತಿ ಕಟ್ಟಿ ಒರತೆಗೆ ಇಳಿದೆ. ಅಲ್ಲಿ ಖಾಲಿ ಕೊಡ ಇಟ್ಟುಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಜಾನಕಿ ಎಂದು, ಸುಳ್ಯ ಕಡೆಯವಳು, ಲೈನಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದವಳು.

“ಎಂತ ನೋಡ್ತೀರಿ ಅಕ್ಕ? ನೀರಿಲ್ಲ” ಎಂದಳು.

“ನೀರಿಲ್ವಾ? ಇಷ್ಟು ಮಳೆಯಲ್ಲಿ?”

“ಅದೇ ನನಗೂ ಅರ್ಥ ಆಗುದಿಲ್ಲ. ಬೇಸಿಗೆಯಲ್ಲೂ ಬತ್ತದ ನೀರು. ಮೊದಲು ಮಣ್ಣಿನ ಬಣ್ಣ ಬಂತು. ಮೊನ್ನೆಯಿಂದ ನಿಂತೇ ಹೋಯ್ತು. ಎಲ್ಲರಿಗೂ ಹೇಳಿದೆ. ಯಾರೂ ಕೇಳುದಿಲ್ಲ.”

ನೀರು ಎಲ್ಲಿಂದ ಬರ್ತದೆ, ಎಲ್ಲಿಗೆ ಹೋಗ್ತದೆ? ಹತ್ತು ದಿನದ ಮಳೆ ಆ ಗುಡ್ಡದೊಳಗೆ ಹೋಗಿತ್ತು, ಹೊರಗೆ ಬಂದಿರಲಿಲ್ಲ. ನಾನು ತಲೆ ಎತ್ತಿ ನೋಡಿದೆ. ಮನೆ, ಕೋಣೆಗಳು, ವಾಲಿದ ಮರಗಳು, ಅದರ ಮೇಲೆ ಮೋಡ. ಇಷ್ಟು ದೊಡ್ಡದರ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತಿದೆ, ನಾನು ಅದರ ಪಾದದಲ್ಲಿ ಪೆನ್ನು ಹಿಡಿದು ನಿಂತಿದ್ದೇನೆ ಅನ್ನಿಸಿತು.

ಬೋಪಣ್ಣನವರಿಗೆ ಹೇಳಿದೆ. ಅವರ ಮುಖ ಕೆಂಪಾಯಿತು. “ನೋಡಿ ಮೇಡಂ, ನಾನು ಹುಟ್ಟಿದ್ದು ಇಲ್ಲೇ. ನೀವು ಬಯಲುಸೀಮೆಯಿಂದ ಬಂದು ನನಗೆ ಗುಡ್ಡದ ವಿಷಯ ಹೇಳುದಾ? ಮನೆಯಲ್ಲಿ ಗೆಸ್ಟ್ ಇದ್ದಾರೆ, ಸ್ವಲ್ಪ ಮೆಲ್ಲಗೆ ಮಾತಾಡಿ.”

“ಗೆಸ್ಟ್ ಇದ್ದಾರೆ ಅಂತಾನೇ ಜೋರಾಗಿ ಹೇಳ್ತಿರೋದು ಸರ್.”

ಅಲ್ಲೇ ನಿಂತು ವರದಿಯಲ್ಲಿ ಬೆಲೆಯ ಜಾಗದಲ್ಲಿ ‘ಇಲ್ಲ’ ಎಂದು ಬರೆದು ಬ್ಯಾಂಕಿಗೆ ತಿಳಿಸಿದೆ. ಬ್ಯಾಂಕ್ ಮ್ಯಾನೇಜರ್ ಫೋನಿನಲ್ಲಿ ಎರಡು ಸಲ ಕೇಳಿದರು, “ಇಲ್ಲ ಅಂದ್ರೆ ಏನಮ್ಮ? ಅಷ್ಟು ಒಳ್ಳೆ ಪ್ರಾಪರ್ಟಿ!” ನನಗೂ ಅಳುಕಿತ್ತು. ಏನೂ ಆಗದಿದ್ದರೆ ಇನ್ನು ಕೊಡಗಿನಲ್ಲಿ ಯಾವ ಬ್ಯಾಂಕೂ ನನ್ನ ಕೈಗೆ ಕೆಲಸ ಕೊಡುವುದಿಲ್ಲ ಎಂಬುದು ಗೊತ್ತಿತ್ತು. ಆ ಊರಿನ ಗ್ರಾಮ ಆಡಳಿತಾಧಿಕಾರಿಗೆ ಫೋನು ಮಾಡಿದೆ. ಪುಣ್ಯಕ್ಕೆ ಆತ ತಕ್ಷಣ ಬಂದ, ಒರತೆ ನೋಡಿದ, ಕೆಳಗಿನ ತೊರೆಯಾಚೆ ಮಳೆರಜೆಯಲ್ಲಿದ್ದ ಶಾಲೆಯ ಬೀಗ ತೆಗೆಸಿದ. ಅತಿಥಿಗಳು ಮಧ್ಯಾಹ್ನದೊಳಗೆ ಕಾರು ಹತ್ತಿದರು. ಲೈನಿನವರು ಪಾತ್ರೆ, ಹಾಸಿಗೆ, ಕೋಳಿ ಎತ್ತಿಕೊಂಡು ಹೊರಟರು. ಅವರನ್ನು ಹೊರಡಿಸಿದ್ದು ಜಾನಕಿ, ನಾನಲ್ಲ.

ಬೋಪಣ್ಣನವರು ಮಾತ್ರ ಜಗಲಿಯ ಕುರ್ಚಿಯಿಂದ ಏಳಲಿಲ್ಲ. ಸೀತಮ್ಮ ಅತ್ತರು. ಆಡಳಿತಾಧಿಕಾರಿ ಕಾನೂನು ಹೇಳಿದ. ಅವರು ಜಪ್ಪಯ್ಯ ಅನ್ನಲಿಲ್ಲ. ಆಗ ಜಾನಕಿ, ಶಾಲೆಯ ತನಕ ಹೋಗಿದ್ದವಳು, ಒಬ್ಬಳೇ ವಾಪಸ್ ಹತ್ತಿ ಬಂದು ಅಂಗಳದಲ್ಲಿ ಕುಳಿತುಬಿಟ್ಟಳು.

“ನೀನ್ಯಾಕೆ ಬಂದೆ? ಹೋಗು ಕೆಳಗೆ” ಎಂದರು ಬೋಪಣ್ಣ.

“ನೀವು ಇಳಿಯದೆ ನಾನು ಇಳಿಯುದಿಲ್ಲ ಸಾವ್ಕಾರ್ರೆ.”

“ನಿನಗೆ ತಲೆ ಕೆಟ್ಟಿದೆಯಾ?”

“ಇರಬಹುದು. ನನ್ನ ಮಗಳು ಶಾಲೆಯಲ್ಲಿ ಕಾಯ್ತಾ ಇದ್ದಾಳೆ. ನೀವು ಕೂತಷ್ಟು ಹೊತ್ತು ನಾನೂ ಕೂತೆ.”

ಮಳೆ ಮತ್ತೆ ಶುರುವಾಯಿತು. ಅವಳು ಜಗಲಿ ಹತ್ತಲಿಲ್ಲ. ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ಅಂಗಳದಲ್ಲೇ ಕುಳಿತಳು. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಬೋಪಣ್ಣನವರು ಎದ್ದರು, ಬಾಗಿಲು ಹಾಕಿದರು, ಕೊಡೆ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದರು. ಇಬ್ಬರೂ ಇಳಿದು ಹೋದರು, ಹಿಂದೆ ಸೀತಮ್ಮನೂ ನಾನೂ. ಅಷ್ಟು ವರ್ಷ ಜನರ ಮನೆ ನೋಡುತ್ತ ಅಲೆದ ನಾನು ಅಂಥದ್ದನ್ನು ಮತ್ತೆಲ್ಲೂ ನೋಡಲಿಲ್ಲ.

ರಾತ್ರಿ ನಾನೂ ಶಾಲೆಯಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಹತ್ತು ಗಂಟೆ ಸುಮಾರಿಗೆ ನಾವೆಲ್ಲ ಶಾಲೆಯ ಜಗಲಿಯಲ್ಲಿದ್ದೆವು. ಬೋಪಣ್ಣನವರು “ನೋಡಿ, ಮನೆ ನಿಂತಲ್ಲೇ ಉಂಟು” ಎಂದು ನನ್ನ ಕಡೆ ತಿರುಗಿದ್ದರು. ಅವರ ಮಾತು ಮುಗಿದಿರಲಿಲ್ಲ, ಲೈನಿನ ನಾಯಿಗಳೆಲ್ಲ ಒಟ್ಟಿಗೆ ಎದ್ದು ನಿಂತವು.

ಮೊದಲು ಕಂಡದ್ದು ಮರಗಳು. ಅವು ಬೀಳಲಿಲ್ಲ. ನಿಂತಂತೆಯೇ ನಡೆದವು. ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗಿನ ಕಾಫಿ ಗಿಡಗಳ ಸಾಲು, ಎಲ್ಲವೂ ಇದ್ದ ಹಾಗೇ ಕೆಳಗಿಳಿದು ಬಂದವು. ಮನೆಯೂ ಒಂದಷ್ಟು ದೂರ ಹೆಂಚು ಅಲುಗದೆ ಅವುಗಳ ಜೊತೆ ಬಂತು. ಆಮೇಲೆ ಸದ್ದು. ಕಿವಿಗಿಂತ ಮೊದಲು ಅದು ಅಂಗಾಲಿಗೆ ತಿಳಿಯಿತು. ಮನೆ ಮಡಚಿಕೊಂಡಿತು. ಒರತೆ, ಲೈನು, ಕೊಳಕ್ಕೆಂದು ತೋಡಿದ ಗುಂಡಿ, ಎಲ್ಲದರ ಮೇಲೂ ಕೆಂಪು ಮಣ್ಣು ಹರಿದು ತೊರೆಗೆ ಅಡ್ಡ ಬಿದ್ದು ನಿಂತಿತು. ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತು ಹಿಡಿಯಿತೋ ಇಲ್ಲವೋ. ಸದ್ದು ನಿಂತ ಮೇಲೆ ವಾಸನೆ ಬಂತು, ನಮ್ಮಪ್ಪ ಮೊದಲ ಮಳೆಗೆ ಹೊಲ ಉತ್ತಾಗ ಬರುತ್ತಿದ್ದಂಥ ಹಸಿ ಮಣ್ಣಿನ ವಾಸನೆ. ಸೀತಮ್ಮ ನನ್ನ ಕೈಯನ್ನು ಹಿಡಿದಿದ್ದು ಬಿಡಲೇ ಇಲ್ಲ. ಭಯ ಆಗಬೇಕಿತ್ತು. ಆದರೆ ನನಗೆ ಆಗ ಕೈ ಮುಗಿಯಬೇಕು ಅನ್ನಿಸಿತು. ಯಾಕೆಂದು ಇವತ್ತಿಗೂ ಹೇಳಲಾರೆ.

ಬೋಪಣ್ಣನವರು ಆ ಕಡೆ ನೋಡುತ್ತಿರಲಿಲ್ಲ. ಜಗಲಿಯಲ್ಲಿದ್ದವರನ್ನು ಬೆರಳು ಮಾಡಿ ಎಣಿಸುತ್ತಿದ್ದರು, ಆಟದ ಮೈದಾನದಲ್ಲಿ ಮಕ್ಕಳನ್ನು ಎಣಿಸುವ ಹಾಗೆ. ಒಂದು ಸಲ ಎಣಿಸಿ ಸಾಲದೆ ಮತ್ತೊಂದು ಸಲ ಎಣಿಸಿದರು. ಎಲ್ಲರೂ ಇದ್ದೆವು.

ಕೆಲವು ತಿಂಗಳಾದ ಮೇಲೆ ಬ್ಯಾಂಕಿನವರು ಆ ಜಾಗದ ಈಗಿನ ಸ್ಥಿತಿ ಬರೆದುಕೊಡಲು ಹೇಳಿದರು. ಹೋಗಿ ನಿಂತೆ. ಸರ್ವೆ ನಂಬರು ಇತ್ತು, ನಕ್ಷೆಯಲ್ಲಿ ಗೆರೆಗಳಿದ್ದವು, ದಾಖಲೆಯಲ್ಲಿ ಎಕರೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಅದರೊಳಗೆ ಇರಬೇಕಾಗಿದ್ದ ನೆಲ ಮಾತ್ರ ಕೆಳಗೆ ಹೋಗಿ ಇನ್ನೊಬ್ಬರ ಗದ್ದೆಯ ಮೇಲೆ ಮಲಗಿತ್ತು.

ಆಮೇಲೆ ಆ ಕಡೆ ವ್ಯೂ ಕೇಳುವವರೇ ಇಲ್ಲವಾದರು. ಇಳಿಜಾರಿನ ಜಾಗ ಕೈಗೆ ಕೊಟ್ಟರೂ ಬೇಡ ಎನ್ನುವ ಹಾಗಾಯಿತು. ಮೇಲಿನಿಂದ ಬಂದವರು ಬಾಡಿಗೆ ಮನೆ ಹುಡುಕುತ್ತ ನಮ್ಮ ಕುಶಾಲನಗರದಲ್ಲಿ ತುಂಬಿಕೊಂಡರು, ಇಲ್ಲಿನ ಸೈಟಿನ ರೇಟು ಏರಿತು. ಎರಡು ಮಳೆಗಾಲ ಸುಮ್ಮನೆ ಕಳೆದಿದ್ದೇ ತಡ, ಮತ್ತೆ ಫೋನು ಬರತೊಡಗಿತು: “ಮೇಡಂ, ಕಕ್ಕಬೆ ಕಡೆ ಒಳ್ಳೆ ವ್ಯೂ ಇರೋ ಜಾಗ ಇದ್ರೆ ಹೇಳಿ.” ಮುಂದೆ ಬೆಲೆ ಏನಾಗುತ್ತದೆ ಎಂಬ ಕಾಲಮ್ಮಿನಲ್ಲಿ ಏನು ಬರೆಯಬೇಕೆಂದು ನನ್ನನ್ನು ಕೇಳಬೇಡಿ. ನಿವೃತ್ತಿಯ ತನಕ ನಾನು ಅಲ್ಲಿ ಬೆಲೆಯ ಬದಲು ನೀರಿನ ವಿಚಾರ ಬರೆದೆ. ಕೆಲವರು ಓದಿದರು.

ಬೋಪಣ್ಣನವರು ನಾಪೋಕ್ಲುವಿನಲ್ಲಿ ಬಾಡಿಗೆಗೆ ಇದ್ದರು. ಒಂದು ದಿನ ಫೋನು ಮಾಡಿ, “ಮೇಡಂ, ಕಕ್ಕಬೆಯಲ್ಲಿ ರಸ್ತೆ ಬದಿ ನಮ್ಮದು ಒಂದು ತುಂಡು ಜಾಗ ಉಂಟು. ಬೆಲೆ ಬರೆದುಕೊಡಬೇಕು” ಎಂದರು. ಅವರ ತಂದೆ ಸ್ವಂತಕ್ಕೆ ಕೊಂಡಿದ್ದ ಜಾಗ, ಮಾರಲು ಕೊಡಲು ಅಡ್ಡಿಯಿಲ್ಲದ್ದು. ಆ ಊರಿನಲ್ಲಿ ರಸ್ತೆಗೆ ತಾಗಿ ಅಷ್ಟು ಸಮತಟ್ಟಾದ ಜಾಗ ಇನ್ನೊಂದಿರಲಿಲ್ಲ. ರೆಸಾರ್ಟಿನವರು ಅದಕ್ಕೆ ಕಣ್ಣು ಹಾಕಿದ್ದು ನನಗೂ ಗೊತ್ತಿತ್ತು. ಮಾರಿ ಪಟ್ಟಣದಲ್ಲಿ ಮನೆ ಕೊಳ್ಳುತ್ತಾರೆ ಅಂದುಕೊಂಡು ಹೋದೆ. ಹೋಗಿ ನೋಡಿದರೆ ಜಾನಕಿಯೂ ಲೈನಿನ ಉಳಿದವರೂ ಅಲ್ಲಿದ್ದರು.

“ರಸ್ತೆ ಕಡೆ ಐದು ಮನೆಯ ಜಾಗ ಇವರ ಹೆಸರಿಗೆ ದಾನಪತ್ರ ಮಾಡ್ತೇನೆ. ಅದರ ಹಿಂಬದಿ ನಮಗೂ ಒಂದು ಸಣ್ಣ ಮನೆ” ಎಂದರು ಬೋಪಣ್ಣ. “ಆದರೆ ಸರಿಯಾದ ಬೆಲೆ ಬರೆಯಿರಿ. ಕಡಿಮೆ ಮಾಡಬೇಡಿ. ಎಷ್ಟು ಕೊಡ್ತಾ ಇದ್ದೇನೆ ಅಂತ ನನಗೆ ಗೊತ್ತಿರಬೇಕು.”

ಬರೆದುಕೊಟ್ಟೆ. ಅವರು ಓದಿದರು. ಹಾಳೆಯನ್ನು ಸೀತಮ್ಮನ ಕೈಗೆ ಕೊಟ್ಟರು. ಸೀತಮ್ಮ ಓದಿ, ಉಸಿರು ಎಳೆದುಕೊಂಡು, ಮಡಚಿ ಬ್ಯಾಗಿಗೆ ಹಾಕಿಕೊಂಡರು. ಅವರಿಬ್ಬರ ಬಾಡಿಗೆ ಮನೆಯ ಸೋರುವ ಅಡುಗೆಕೋಣೆಯನ್ನು ನಾನು ನೋಡಿ ಬಂದಿದ್ದೆ. ಮನಸ್ಸು ಬದಲಾಯಿಸುತ್ತಾರೇನೋ ಎಂದು ಕಾದೆ. ಬದಲಾಯಿಸಿದರೆ ತಪ್ಪು ಎನ್ನುವುದಕ್ಕೆ ನನಗೆ ಬಾಯಿ ಇರಲಿಲ್ಲ.

“ಇನ್ನು ಇವರ ಜಾಗದ ಅಳತೆ ಶುರು ಮಾಡುವಾ” ಎಂದರು ಬೋಪಣ್ಣ.

ನಾನು ಟೇಪಿನ ಡಬ್ಬಿ ಹಿಡಿದು ಮೂಲೆಯಲ್ಲಿ ನಿಂತೆ. ಜಾನಕಿ ತುದಿ ಹಿಡಿದು ರಸ್ತೆಯ ಉದ್ದಕ್ಕೆ ನಡೆದಳು. ಸ್ವಲ್ಪ ದೂರ ಹೋಗಿ, ಇಷ್ಟು ಸಾಕು ಎಂಬಂತೆ ನಿಂತು ತಿರುಗಿ ನೋಡಿದಳು.

“ನಿಲ್ಲಬೇಡ ಜಾನಕಿ,” ಎಂದರು ಬೋಪಣ್ಣ, “ಇನ್ನೂ ನಡೆ.”

ಅವಳು ನಡೆದಳು. ಟೇಪು ನನ್ನ ಕೈಯಿಂದ ಬಿಚ್ಚಿಕೊಳ್ಳುತ್ತಲೇ ಹೋಯಿತು.